ರಿಜಿಸ್ಟರಿನಲ್ಲಿ ನಡೆದವಳು

"ಹೆಣ ಎಲ್ಲಿ?" ಎಂದು ಕೇಳುವುದೊಂದು ಬಾಕಿ. ಉಳಿದದ್ದನ್ನೆಲ್ಲ ನಾಗೇಂದ್ರಪ್ಪ ಕೇಳಿ ಮುಗಿಸಿದ್ದರು.

ಅವರು ತನಿಖೆಗೆಂದು ಜಿಲ್ಲೆಯಿಂದ ಬಂದ ಹಿರಿಯ ಸರ್ಜನ್. ೧೯೯೭ರ ಫೆಬ್ರವರಿ. ಜೇಬಿನಲ್ಲೊಂದು ಮೂಗರ್ಜಿ: ‘ಸಿದ್ದಾಪುರದಾಚೆ ಹಟ್ಟಿಯ ಕರಿಯಕ್ಕ ಅಪೆಂಡಿಕ್ಸ್ ಆಪರೇಷನ್ ಆಗಿ ಸತ್ತಿದ್ದಾಳೆ. ಡಾಕ್ಟರು ರಿಜಿಸ್ಟರಿನಲ್ಲಿ ಅವಳನ್ನು ಇನ್ನೂ ನಡೆಸುತ್ತಿದ್ದಾರೆ.’ ಎದುರಿಗೆ ಆ ಡಾಕ್ಟರು, ಮೊಳಕಾಲ್ಮೂರು ಸೀಮೆಯ ಸಣ್ಣದೊಂದು ಆಸ್ಪತ್ರೆಯ ಮಹಾಂತೇಶ.

ನಾಗೇಂದ್ರಪ್ಪ ಇಪ್ಪತ್ತಾರು ವರ್ಷ ಅಪೆಂಡಿಕ್ಸಿಗೆ ನಾಲ್ಕಿಂಚು ಕೊಯ್ದವರು. ರೋಗಿಯನ್ನು ಹತ್ತು ದಿನ ಮಂಚದಿಂದ ಇಳಿಯಗೊಡದವರು. ಮಹಾಂತೇಶ ಒಂದೂವರೆ ಇಂಚು ಕೊಯ್ದು ಮುಗಿಸುತ್ತಿದ್ದ, ಮೂರನೇ ದಿನ ಮನೆಗೆ ಕಳಿಸುತ್ತಿದ್ದ. ಸಾಲದ್ದಕ್ಕೆ ರಿಜಿಸ್ಟರಿನಲ್ಲಿ ಅಳತೆ ಬೇರೆ: ಯಾವ ದಿನ ಎದ್ದು ಕೂತರು, ಯಾವ ದಿನ ಕುಕ್ಕರಗಾಲಲ್ಲಿ ಕೂತರು, ಯಾವ ದಿನ ಎಷ್ಟು ದೂರ ನಡೆದರು. ಕರಿಯಕ್ಕನ ಹೆಸರಿನ ಮುಂದೆ, ಆರನೇ ದಿನಕ್ಕೆ, ‘ಒಂದು ಮೈಲಿ’ ಎಂದಿತ್ತು.

"ಕಥೆ ಚೆನ್ನಾಗಿ ಬರೀತೀರಿ," ಎಂದರು ನಾಗೇಂದ್ರಪ್ಪ. "ಇವತ್ತಿಗೆ ಎಂಟನೇ ದಿನ. ನಾನೇ ಹೋಗಿ ನೋಡ್ತೀನಿ. ಆಕೆ ಸಿಗದಿದ್ರೆ ಸಂಜೆಯಿಂದ ನೀವು ಬ್ಲೇಡು ಮುಟ್ಟೋ ಹಾಗಿಲ್ಲ. ನೀವು ಜೊತೆಗೆ ಬರೋದೂ ಬೇಡ. ದಾರಿ ಗೊತ್ತಿರೋರು ಯಾರಾದ್ರೂ ಇದ್ರೆ ಕಳಿಸಿ."

ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಗಸು, "ನಂಗೊತ್ತೈತೆ ದಾರಿ, ಬರ್ರಿ," ಎಂದಳು.

ಮಹಾಂತೇಶ ಏನೋ ಹೇಳಹೊರಟ.

"ನಿಮ್ಮನ್ನ ಕೇಳಲಿಲ್ಲ," ಎಂದರು ನಾಗೇಂದ್ರಪ್ಪ. ಆಸ್ಪತ್ರೆಯ ಆಯಾ ಇರಬೇಕು. ಹೆಸರು ಕೇಳುವ ಗೋಜಿಗೆ ಅವರು ಹೋಗಲಿಲ್ಲ.

ಜೀಪು ಬಂಡೆಗಳ ಬುಡದಲ್ಲಿ ನಿಂತಿತು. ಮುಂದಿನ ಎರಡು ಮೈಲಿ ಕುರಿ ತುಳಿದ ದಾರಿ. ನಾಗೇಂದ್ರಪ್ಪ ತಮ್ಮ ಚೀಲವನ್ನು ಅವಳತ್ತ ಚಾಚಿದರು.

"ನಾನ್ ಹೊರಲ್ಲ ಸಾಹೇಬ್ರೆ. ಡಾಕ್ಟ್ರು ಬ್ಯಾಡ ಅಂದವ್ರೆ."

ಸರಿ, ಸಿಬ್ಬಂದಿಗೆ ಇದನ್ನೂ ಕಲಿಸಿದ್ದಾನೆ. ಚೀಲ ತಾವೇ ಹೊತ್ತು ಏದುಸಿರು ಬಿಡುತ್ತ ಹಿಂದೆ ನಡೆದರು. ಅವಳು ಅವಸರಿಸಲಿಲ್ಲ, ನಿಲ್ಲಲೂ ಇಲ್ಲ. ಕುರಿ ಹೊಡೆದುಕೊಂಡು ಎದುರಾದವನೊಬ್ಬ, "ಎಂಗೈತಕ್ಕಾ?" ಎಂದ.

"ಕಾಣಲ್ವೇನ್ಲೇ? ನಡೀತೈತೆ."

ಅವನು ನಾಗೇಂದ್ರಪ್ಪನವರನ್ನು ನೋಡಿ ಹಲ್ಲು ಕಿರಿದ. ಊರಿಗೆ ಊರೇ ಶಾಮೀಲು ಎಂದುಕೊಂಡರು ಅವರು. ಕೊನೆಗೆ ತಡೆಯಲಾರದೆ ಅವಳ ಬೆನ್ನಿಗೇ ಕೇಳಿದರು:

"ಆ ಹೆಂಗಸು ಸತ್ತಿದ್ದಾಳಂತೆ?"

"ಯಾರಂದೋರು?"

"ಅರ್ಜಿ ಬಂದಿದೆ."

"ನೀವು ನಂಬಿದ್ರಾ?"

"ಒಂದು ಮೈಲಿ ನಡೆದಳು ಅನ್ನೋದನ್ನಂತೂ ನಂಬಲ್ಲ. ಹೊಟ್ಟೆ ಕೊಯ್ಸಿಕೊಂಡೋರು ಹತ್ತು ದಿನ ಏಳೋಕಾಗಲ್ಲ. ನನ್ನ ಕೈಲಿ ಸಾವಿರ ಜನ ಮಲಗಿದ್ದಾರೆ."

"ಮಲಗಿಸಿದ್ರೆ ಮಲಗ್ತಾರೆ ಸಾಹೇಬ್ರೆ," ಎಂದು ಅವಳು ಹೆಜ್ಜೆ ಜೋರು ಮಾಡಿದಳು.

ಹಟ್ಟಿಯಲ್ಲಿ ಮಂಚ ಖಾಲಿ. ಅದರ ಮೇಲೆ ಮಡಿಸಿಟ್ಟ ಕಂಬಳಿ. ಕರಿಯಕ್ಕನ ಅತ್ತೆ ಲಕ್ಷ್ಮಕ್ಕ ಬಾಗಿಲಿಗೆ ಬಂದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಸೊಸೆ ಎಲ್ಲಮ್ಮ?"

ದಾರಿ ತೋರಿಸಲು ಬಂದವಳು ಮುದುಕಿಗೆ ಕಣ್ಸನ್ನೆ ಮಾಡಿದ್ದನ್ನು ನಾಗೇಂದ್ರಪ್ಪ ಹಿಡಿದೇಬಿಟ್ಟರು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೊತ್ತಾರೆ ಎದ್ದು ಹೋದ್ಲು ನಮ್ಮಪ್ಪ. ಇನ್ನೆಲ್ಡು ದಿನ ಬಿದ್ಕೊಳ್ಳೇ ಅಂದ್ರೆ ಯಾರ ಮಾತು ಕೇಳ್ತಾಳೆ? ಇಲ್ಲೇ ಎಲ್ಲೋ ತಿರುಗ್ತಿರ್ತಾಳೆ."

ಅವರಿಗೆ ಅಷ್ಟು ಸಾಕಿತ್ತು. ಜಗಲಿಯ ಮೇಲೆ ಕೂತು, ಬೆವರು ಒರೆಸಿಕೊಂಡು, ವರದಿ ಬರೆದರು: ‘ರೋಗಿ ಪತ್ತೆಯಿಲ್ಲ. ಮನೆಯವರ ಉತ್ತರ ನಂಬಲರ್ಹವಲ್ಲ. ಈ ಪದ್ಧತಿಯ ಶಸ್ತ್ರಚಿಕಿತ್ಸೆಯನ್ನು ತಕ್ಷಣ ನಿಲ್ಲಿಸತಕ್ಕದ್ದು.’ ಸಾಕ್ಷಿಯ ಜಾಗಕ್ಕೆ ಬಂದಾಗ ತಲೆಯೆತ್ತಿ, ಬೆಳಗಿನಿಂದ ಮೊದಲ ಸಲ, ಜೊತೆಗೆ ಬಂದವಳನ್ನು ಕೇಳಿದರು:

"ನಿನ್ನ ಹೆಸರೇನಮ್ಮ?"

"ಕರಿಯಕ್ಕ. ಹೊಲಿಗೆ ನಾಳೆ ಬಿಚ್ತಾರಂತೆ ಸಾಹೇಬ್ರೆ, ನೋಡೋದಿದ್ರೆ ಇವತ್ತೇ ನೋಡ್ಕಳ್ರಿ."