ಬೆನ್ನ ಹಿಂದಿನ ಕೈ

“ಇವತ್ತು ನಾನು ಮುಟ್ಟೋದಿಲ್ಲ. ನೀವೇ ಬದಲಾಯಿಸಬೇಕು,” ಎಂದು ನರ್ಸಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. ಕ್ಷೌರಿಕ ಒಂದು ಹೆಜ್ಜೆ ಹಿಂದೆ ಸರಿದ. ಆಸ್ಪತ್ರೆಯ ಮಂಚದ ಮೇಲೆ ಅವನ ನಾಲ್ಕು ವರ್ಷದ ಮಗಳು, ಭುಜದಡಿಗೆ ಸುತ್ತಿಟ್ಟ ಟವೆಲಿನ ಮೇಲೆ ಕತ್ತೆತ್ತಿಕೊಂಡು, ಅಪ್ಪನನ್ನೇ ನೋಡುತ್ತ ಮಲಗಿದ್ದಳು.

ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಅದು. ಯಾವುದೋ ಕಾಯಿಲೆ ಬಂದು ಶ್ವಾಸನಾಳ ಕಿರಿದಾಯಿತು. ಕತ್ತಿನ ಬುಡದಲ್ಲಿ ತೂತು ಮಾಡಿ, ಕಿರುಬೆರಳುದ್ದದ ಬಾಗಿದ ನಳಿಗೆಯೊಂದನ್ನು ಕೂರಿಸಿದರು. ಉಸಿರೆಲ್ಲ ಈಗ ಅದರಲ್ಲೇ. ಹಾಗಾಗಿ ಅಳುವಿಗೂ ಸದ್ದಿಲ್ಲ, ನಗುವಿಗೂ ಸದ್ದಿಲ್ಲ. ಕಫ ಕಟ್ಟಿ ನಳಿಗೆ ಮುಚ್ಚಿಕೊಂಡರೆ ತಡಮಾಡದೆ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಮನೆಯಲ್ಲಿ ಇಬ್ಬರಿಗಾದರೂ ಆ ಕೆಲಸ ಬರದೆ ಮಗುವನ್ನು ಕಳಿಸುವ ಹಾಗಿಲ್ಲ. ಹೆಂಡತಿ ಆಗಲೇ ಕಲಿತು ಮುಗಿಸಿದ್ದಳು. ಇವನು ಮಾತ್ರ ಮಂಚದ ತನಕ ಬರುವುದು, ಬೆವರುವುದು, ಹಿಂದೆ ಸರಿಯುವುದು.

ಹೇಳಿಕೇಳಿ ಕ್ಷೌರಿಕ. ದಿನವಿಡೀ ಕಂಡವರ ಗಂಟಲ ಮೇಲೆ ಕತ್ತಿ ಆಡಿಸುವವನು. ಅವನ ಕುರ್ಚಿಯಲ್ಲಿ ಕೂತವರು ಗೊರಕೆ ಹೊಡೆಯುವುದೂ ಉಂಟು. “ಊರವರ ಕತ್ತೆಲ್ಲ ಇವರ ಕೈಲಿ ಕ್ಷೇಮ, ಮಗಳ ಕತ್ತು ಕಂಡ್ರೆ ಮಾತ್ರ ನಡುಕ,” ಎಂದು ಹೆಂಡತಿ ಹಂಗಿಸಿಯೂ ಆಗಿತ್ತು. ಅವನು ದೊಡ್ಡ ಡಾಕ್ಟರ ಹತ್ತಿರ ಹೋಗಿ, ನೀವಾದರೂ ಹೇಳಿ ಮನೆಗೆ ಕಳಿಸಿಕೊಡಿ ಎಂದು ಗೋಗರೆದಿದ್ದ. ಅವರು ನಕ್ಕು, ನರ್ಸಮ್ಮ ಮಕ್ಕಳ ಉಸಿರಿನ ವಿಷಯವನ್ನೇ ಮೇಲೆ ಓದಿ ಬಂದವರು, ನಳಿಗೆಯ ಅಳತೆ, ಔಷಧಿ, ಮನೆಗೆ ಹೋಗುವ ದಿನ ಎಲ್ಲ ಆಕೆಯದೇ ತೀರ್ಮಾನ, ಆಕೆ ಹೂಂ ಅಂದರೆ ಹೂಂ ಎಂದು ಕೈ ತೊಳೆದುಕೊಂಡಿದ್ದರು.

“ಅಂಗಡೀಲಿ ಗಿರಾಕಿ ಹೆದರಿ ಕತ್ತು ಬಿಗಿ ಮಾಡಿದ್ರೆ ಏನ್ಮಾಡ್ತೀರಿ?” ಎಂದು ನರ್ಸಮ್ಮ ಕೇಳಿದರು.

“ಮಾತಿಗೆಳೀತೀನಿ ಸಿಸ್ಟರ್. ಮಾತಿಗೆ ಬಿದ್ರೆ ಅವರ ಕತ್ತೂ ಸಡಿಲ ಆಗುತ್ತೆ, ನನ್ನ ಕೈಯೂ ಹಗುರಾಗುತ್ತೆ.”

“ಮತ್ತೆ? ಮಾತಾಡಿ.”

ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡು ಅವನು ಮಗಳ ಗದ್ದದ ಕೆಳಗೆ ಎರಡು ಬೆರಳಿಟ್ಟ. “ಬನ್ನಿ ಯಜಮಾನ್ರೇ, ಅಪರೂಪಕ್ಕೆ ಬಂದ್ರಿ. ಗಡ್ಡ ಮಾತ್ರಾನಾ, ಮೀಸೆನೂ ತೆಗೀಲಾ?” ಹುಡುಗಿಯ ಕಣ್ಣರಳಿತು. ಹೆಂಡತಿ ನಳಿಗೆಯನ್ನು ಹಿಡಿದಿದ್ದ ಕತ್ತಿನ ಪಟ್ಟಿ ಸಡಿಲಿಸಿದಳು. ಅವನು ಹಳೆಯ ನಳಿಗೆಯನ್ನು ಎಳೆದ. ಬಟನ್ ತೂರುವಷ್ಟು ತೂತು. ಮಗಳ ಜೀವವೆಲ್ಲ ಅಷ್ಟೇ ಜಾಗದಲ್ಲಿತ್ತು.

ಹೊಸದು ಒಳಗೆ ಹೋಗಲಿಲ್ಲ. ಮಗು ಕೆಮ್ಮಿತು, ತೂತು ಬಿಗಿಯಿತು, ತುಟಿಯ ಬಣ್ಣ ಮಾಸಿತು. ಅವನು ತಿರುಗಿ ನರ್ಸಮ್ಮನ ಮುಖ ನೋಡಿದ. ಆಕೆ ಮಗುವಿನ ತುಟಿಯ ಮೇಲಿಂದ ಕಣ್ಣು ಕೀಳದೆ, ನಿಂತಲ್ಲೇ, “ಒತ್ತಬೇಡಿ. ಉಸಿರು ಎಳ್ಕೊಳ್ಳುವಾಗ ದಾರಿ ತೆರೆಯುತ್ತೆ. ಆಗ ಹಾಕಿ,” ಎಂದರು. ಕೈ ಮಾತ್ರ ಬೆನ್ನ ಹಿಂದೆಯೇ. ಇದೇನು ಕಲ್ಲೆದೆಯಪ್ಪ ಈಕೆಯದು ಎಂದುಕೊಂಡು ಅವನು ಮತ್ತೆ ಮಗಳತ್ತ ತಿರುಗಿದ.

“ಮೀಸೆ... ಮೀಸೆ ಇರ್ಲಿ ಅಂತೀರಾ ಯಜಮಾನ್ರೇ?” ಧ್ವನಿ ಒಡೆಯಿತು, ಬೆರಳು ಅಲುಗಲಿಲ್ಲ. ಮಗುವಿನ ಎದೆ ಉಬ್ಬಿತು. ಆ ಉಸಿರಿನ ಜೊತೆಗೇ ನಳಿಗೆ ತನ್ನ ಬಾಗಿನ ದಾರಿ ಹಿಡಿದು ಜಾರಿ ಕೂತಿತು. ನಳಿಗೆ ಸಲೀಸಾಗಿ ಇಳಿಯಲೆಂದು ಅದರೊಳಗೆ ತೂರಿಸಿದ್ದ ಕಡ್ಡಿಯನ್ನು ಹೊರಗೆಳೆದದ್ದೇ ತಡ, ಬೆಚ್ಚನೆಯ ಗಾಳಿ ಅವನ ಬೆರಳಿಗೆ ಬಡಿಯಿತು. ಪುಸ್, ಪುಸ್, ಪುಸ್. ಮತ್ತೆ ಕೆಮ್ಮೇ ಎಂದು ಹೆದರಿ ನೋಡಿದರೆ, ಹುಡುಗಿ ಮೂಗಿನ ಕೆಳಗೆ ಬೆರಳು ಅಡ್ಡ ಇಟ್ಟುಕೊಂಡು, ಮೀಸೆ ತೆಗೆಯಬೇಡ ಎಂದು ತಲೆಯಾಡಿಸುತ್ತ ನಗುತ್ತಿದ್ದಳು. ಕೇಳಿಸದ ನಗು ಕೈಗೆ ತಾಕುತ್ತಿತ್ತು. ಅವನು ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟ.

ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದರು ನರ್ಸಮ್ಮ. ಅವನಿಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ನಾಲಿಗೆಗೆ ಬಂತು. “ಸಿಸ್ಟರ್, ಅಷ್ಟು ಒದ್ದಾಡ್ತಿದ್ದಾಗ ಒಂದು ಕೈ ಹಾಕಬಾರದಿತ್ತಾ?”

“ನಾನು ಕೈ ಹಾಕಿದ್ರೆ ಅವಳು ಇನ್ನೂ ಇಲ್ಲೇ ಇರ್ತಿದ್ಲು.”

ಹಾಗೆಂದು ಆಕೆ ಕೈಗಳನ್ನು ಮುಂದಕ್ಕೆ ತಂದರು. ಎರಡಕ್ಕೂ ಕೈಗವಸು. ಬಲಗೈಯಲ್ಲಿ ಇನ್ನೊಂದು ನಳಿಗೆ, ಮಗಳಿಗೆ ಹಾಕಿದ್ದಕ್ಕಿಂತ ಒಂದಳತೆ ಸಣ್ಣದು, ದಾರಿ ಬಿಗಿದರೂ ತೂರುವಂಥದ್ದು. ಕಡ್ಡಿ ಕೂರಿಸಿ, ಪಟ್ಟಿ ಕಟ್ಟಿ, ಮೊದಲಿನಿಂದಲೂ ಹಾಕಲು ಸಿದ್ಧವಾಗಿ ಹಿಡಿದದ್ದು. ಆಕೆ ಅದನ್ನು ತಟ್ಟೆಯಲ್ಲಿಟ್ಟು ಕೈಗವಸು ಕಳಚಿದರು. ಅಂಗೈಯ ನಡುವೆ ಆ ನಳಿಗೆಯ ಇಡೀ ಬಾಗು ಕೆಂಪಗೆ ಅಚ್ಚೊತ್ತಿತ್ತು.