ಗಡಿ ಎಳೆದವನು

ಇಂಗ್ಲಿಷರನ್ನು ಓಡಿಸಿ ನಮ್ಮ ನಾಡನ್ನು ಹಂಚಿಕೊಂಡ ಫ್ರೆಂಚರಿಗೂ ರಷ್ಯನ್ನರಿಗೂ ನಡುವೆ ಗಡಿ ಎಳೆದವನು ನಾನೇ. ಒಬ್ಬ ಚಕ್ರವರ್ತಿ ಹಗ್ಗದ ಆ ತುದಿ ಹಿಡಿದ, ಇನ್ನೊಬ್ಬ ಈ ತುದಿ. ನಾನು ಕೋಲಿನಿಂದ ಗೀರಿದೆ. ಇಪ್ಪತ್ತು ವರ್ಷ ಇದನ್ನೇ ಹೇಳಿ ಪುಕ್ಕಟೆ ಚಹ ಕುಡಿದಿದ್ದೇನೆ.

ಈಗ ಅವರ ದೋಸ್ತಿ ಮುರಿದಿದೆ, ಗಡಿ ದಾಟಿದವರಿಗೆ ಗುಂಡು. ಇವತ್ತು ಬೆಳಿಗ್ಗೆ ಸೂಲಗಿತ್ತಿ ನೀಲವ್ವ ಬಂದು ನನ್ನ ಕಾಲು ಹಿಡಿದಳು. ಆಚೆಯ ಊರಿನಲ್ಲಿ ಅವಳ ಮಗಳು ಎರಡು ದಿನದಿಂದ ಹೆರಿಗೆ ಬೇನೆ ತಿನ್ನುತ್ತಿದ್ದಳು.

“ಕಾಕಾ, ಗೀಟು ಹೊಡದಾಂವ ನೀನ. ದೊರಿಗೋಳಿಗೆ ಒಂದ್ ಮಾತ್ ಹೇಳು, ನನ್ನ ಬಿಡ್ಲಿ.”

“ಹೇಳಾಂವನ ಇದ್ನಿ ಯವ್ವಾ, ಆದ್ರ ಚಕ್ರವರ್ತಿ ಶಿಕಾರಿಗೆ ಹೋಗ್ಯಾನ.”

“ಸುಳ್ಳ ಬ್ಯಾಡ ಕಾಕಾ. ಮಗಳು ಸಾಯಾಕತ್ತಾಳ.”

ಮೊದಲ ಸಲ ನನ್ನ ನಾಲಿಗೆ ತೊದಲಿತು.

“ನಾ ಗಡಿಕಲ್ಲು ಹೊರೋ ಹಮಾಲ ಇದ್ದೆ, ನೀಲವ್ವಾ. ಕಲ್ಲು ನಿನ್ನ ಮಗಳ ಊರು ದಾಟಿ, ಹಳ್ಳದ ಆಚಿ ಇಡೋದಿತ್ತು. ಭಾರ ಆತಂತ ಬೀಡಿ ಸೇದಾಕ ಇಲ್ಲೇ ಇಳಿಸಿದ್ನಿ. ಅಷ್ಟರಾಗ ಎರಡೂ ಕಡೀ ಸಾಹೇಬ್ರು ಬಂದು, ಅದಕ್ಕ ನಂಬರ್ ಬರದು, ಕೈ ಕುಲುಕಿ ಹೋದ್ರು. ನಾ ಬಾಯಿ ಬಿಡ್ಲಿಲ್ಲ. ಬಿಟ್ಟಿದ್ರ ಅದನ್ನ ಮತ್ತ ಹೊರಬೇಕಾಗ್ತಿತ್ತು.”