ಪಕ್ಕದಲ್ಲಿ ನಿಂತವಳು

“ಮೇಡಂ, ನಿಮ್ಮ ಚೌಕ ತೆಗೆದುಬಿಟ್ರು. ಪರದೆಯ ಆ ಮೂಲೆಯಲ್ಲಿ ಜಾಹೀರಾತು ಬರಬೇಕಂತೆ. ನೀವಿನ್ನು ಹೊರಡಬಹುದು,” ಎಂದ ಟೀವಿ ಸ್ಟುಡಿಯೋದ ಫ್ಲೋರ್ ಮ್ಯಾನೇಜರ್. ಕವಿತೆ ಸ್ಪರ್ಧೆಯ ನೇರ ಪ್ರಸಾರಕ್ಕೆ ಇನ್ನು ಇಪ್ಪತ್ತೇ ನಿಮಿಷ ಬಾಕಿ. ದಿನಾ ಮಧ್ಯಾಹ್ನದ ವಾರ್ತೆಯನ್ನು ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಹೇಳುವ ಹೆಂಗಸು ಆಕೆ. ಕುರ್ಚಿಯ ಮೇಲಿದ್ದ ಬ್ಯಾಗು ಎತ್ತಿಕೊಂಡಳು. ಪಕ್ಕದಲ್ಲಿ ಕೂತು ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದ ಲ್ಯಾಬ್ ಹುಡುಗಿ ತಟ್ಟನೆ ಇತ್ತ ತಿರುಗಿದಳು.

ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಾದರೆ ಜನರ ರಕ್ತ ತೆಗೆಯುವ ಕೆಲಸ ಅವಳದು. ಹಾಗಾಗಿ ಟೀವಿಯವರು ಇಟ್ಟ ಹೆಸರು ಅದು. ಸ್ಲ್ಯಾಮ್ ಎಂಬ ಈ ಸ್ಪರ್ಧೆಯಲ್ಲಿ ಚೀಟಿ ನೋಡುವಂತಿಲ್ಲ, ಮೂರು ನಿಮಿಷ ಮೀರುವಂತಿಲ್ಲ, ಸ್ವಂತ ಕವಿತೆಯನ್ನು ಜನರೆದುರು ನಿಂತು ಹೇಳಬೇಕು. ಹಾಗೆ ಹೇಳಿ ಹೇಳಿ ಆರು ಸುತ್ತು ಗೆದ್ದು ಫೈನಲಿಗೆ ಬಂದಿದ್ದಳು. ಆರನ್ನೂ ಅಮ್ಮ ಟೀವಿಗೆ ಅಂಟಿಕೊಂಡು ಕೂತು ನೋಡಿದ್ದಳು, ಒಂದಕ್ಷರವೂ ಕೇಳಿಸದೆ. ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಬೈಂಡಿಂಗ್ ಅಂಗಡಿಯಲ್ಲಿ ದಿನಕ್ಕೆ ಎಷ್ಟೋ ಪುಸ್ತಕ ಹೊಲಿಯುತ್ತಾಳೆ, ಒಂದನ್ನೂ ಓದಲಾರಳು. ಅಂಥ ಮಗುವಿಗೆ ಅಕ್ಷರ ಕಲಿಸುವವರು ಅವಳ ಕಾಲಕ್ಕೆ ಸಿಕ್ಕಿರಲಿಲ್ಲ. ಕಳೆದ ವಾರ ಸುತ್ತು ಮುಗಿಸಿ ಮಗಳು ಮನೆಗೆ ಬಂದಾಗ, ‘ಯಾರ ಮೇಲೆ ನಿನಗೆ ಅಷ್ಟೊಂದು ಸಿಟ್ಟು?’ ಎಂದು ಅಮ್ಮ ಕೈಯಲ್ಲೇ ಕೇಳಿದ್ದಳು. ಆ ಸುತ್ತಿನಲ್ಲಿ ಹೇಳಿದ್ದು ಅಮ್ಮನನ್ನು ಹೊಗಳಿ ಬರೆದ ಕವಿತೆಯಾಗಿತ್ತು.

ಅದಾದ ಮೇಲೆ ಹುಡುಗಿ ಕಂಡ ಕಂಡವರನ್ನೆಲ್ಲ ಕಾಡಿ ಬೇಡಿ, ಫೈನಲಿನಲ್ಲಾದರೂ ಸನ್ನೆ ಮಾಡುವವರು ಇರಲಿ ಎಂದು ಒಪ್ಪಿಸಿದ್ದಳು. ಈಗ ನೋಡಿದರೆ ಹೀಗೆ.

“ಹಾಗಾದ್ರೆ ನಾನೂ ಹೊರಡ್ತೀನಿ ಸರ್,” ಎಂದು ಪೌಡರ್ ಹಚ್ಚುತ್ತಿದ್ದವಳ ಕೈ ಸರಿಸಿ ಎದ್ದಳು.

“ಏನಮ್ಮಾ ಇದು, ಕೊನೇ ಗಳಿಗೇಲಿ! ನಿನಗೇ ಸನ್ನೆ ಬರುತ್ತಲ್ಲ, ನೀನೇ ಮಾಡು.”

“ನನಗೆ ಬರೋದು ಅಡುಗೆಮನೆ ಸನ್ನೆ ಸರ್. ಉಪ್ಪು ಕಮ್ಮಿ, ಜ್ವರ ಇದೆ, ಬಾಗಿಲು ಹಾಕು. ಅಷ್ಟರಲ್ಲಿ ಕವಿತೆ ಹಿಡಿಸಲ್ಲ.”

ಫ್ಲೋರ್ ಮ್ಯಾನೇಜರ್ ತಲೆ ಕೆರೆದುಕೊಂಡ. ಆಗ ಬಾಗಿಲ ತನಕ ಹೋಗಿದ್ದ ಸನ್ನೆಯ ಹೆಂಗಸು ತಿರುಗಿ ನಿಂತಳು. “ಚೌಕ ಬೇಡ ಬಿಡಿ. ನಾನು ವೇದಿಕೆ ಮೇಲೆ ಇವಳ ಪಕ್ಕದಲ್ಲೇ ನಿಲ್ತೀನಿ. ನಿಮ್ಮ ಜಾಹೀರಾತಿಗೆ ಏನೂ ಅಡ್ಡಿ ಆಗಲ್ಲ.” ಅವನು ‘ಆಗಲ್ಲ’ ಎನ್ನಲು ಬಾಯಿ ತೆರೆಯುವ ಮೊದಲೇ ಬ್ಯಾಗು ಕೆಳಗಿಟ್ಟು ಹುಡುಗಿಯ ಎದುರು ಕೂತಳು. “ಎಲ್ಲಿ, ಹೇಳು ಒಂದ್ಸಲ. ನಿಧಾನ ಕಣೇ. ನಿನ್ನ ನಾಲಿಗೆ ಓಡಿದ ಹಾಗೆ ನನ್ನ ಕೈ ಓಡಲ್ಲ.”

ದೀಪಗಳು ಹೊತ್ತಿಕೊಂಡವು. ಇಬ್ಬರೂ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತರು.

“ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ,” ಹುಡುಗಿ ಶುರುಮಾಡಿದಳು. “ಎದ್ದು ಹೋಗಿ ಭುಜ ಮುಟ್ಟುತ್ತೇವೆ. ನಮ್ಮ ಮನೆಯಲ್ಲಿ ಜಗಳವಾಡಬೇಕಾದರೂ ಮುಖ ನೋಡಲೇಬೇಕು. ಕತ್ತಲಲ್ಲಿ ಬೈಯುವಂತಿಲ್ಲ, ದೀಪ ಹಚ್ಚಿಯೇ ಬೈಯಬೇಕು...” ಪ್ರತಿ ಸಾಲಿಗೂ ನಿಂತಳು. ಪಕ್ಕದವಳ ಬೆರಳುಗಳು ಗಾಳಿಯಲ್ಲಿ ಭುಜವೊಂದನ್ನು ಮುಟ್ಟಿ, ದೀಪವೊಂದನ್ನು ಹಚ್ಚಿ, ಸಾಲು ಮುಗಿಸಿ ಕೆಳಗಿಳಿಯುವವರೆಗೂ ಕಾದಳು. ಎದುರಿನ ಗಡಿಯಾರದಲ್ಲಿ ಮೂರು ನಿಮಿಷ ದಾಟಿ ಕೆಂಪು ಅಂಕಿಗಳು ಮಿನುಗತೊಡಗಿದವು. ಕಂಡರೂ ಅವಳು ಅವಸರ ಮಾಡಲಿಲ್ಲ. ನಲವತ್ತು ಸೆಕೆಂಡು ಮೀರಿತೆಂದು ತೀರ್ಪುಗಾರರು ಅಂಕ ಕಳೆದರು. ಐವರಲ್ಲಿ ನಾಲ್ಕನೆಯವಳಾದಳು.

“ಅಯ್ಯೋ, ನನ್ನಿಂದಾಗಿ ನಿನ್ನ ಬಹುಮಾನ ತಪ್ಪಿತಲ್ಲೇ,” ಎಂದು ಮೆಟ್ಟಿಲಿಳಿಯುವಾಗ ಸನ್ನೆಯ ಹೆಂಗಸು ಪೇಚಾಡಿಕೊಂಡಳು. ಹುಡುಗಿ ಆಕೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಗೆ ಊದಿಕೊಂಡಿತ್ತು. ಮಗಳನ್ನು ಕಂಡದ್ದೇ ತಡ, ಅಂಟು ಮೆತ್ತಿ ಒರಟಾದ ಅವಳ ಬೆರಳುಗಳು ಮಾತಿಗೆ ತೊಡಗಿದವು. ‘ಎಲ್ಲಾ ಗೊತ್ತಾಯ್ತು. ಭುಜ ಮುಟ್ಟೋದು, ದೀಪ ಹಚ್ಚಿ ಬೈಯೋದು, ಎಲ್ಲಾ. ನಾನು ದಿನಾ ನೋಡೋ ಆ ವಾರ್ತೆಯ ಹೆಂಗಸು ಎಷ್ಟು ಚೆನ್ನಾಗಿ ಹೇಳಿದಳು! ಅವಳನ್ನ ಒಂದು ದಿನ ಊಟಕ್ಕೆ ಕರಿ, ನಾನು ಅವಳ ಕೈ ನೋಡಬೇಕು.’

ಮಗಳು ಆಗಲಿ ಎಂದು ತಲೆಯಾಡಿಸಿದಳು. ಅಮ್ಮ ಹುಬ್ಬು ಗಂಟಿಕ್ಕಿದಳು. ‘ಅದು ಸರಿ, ಅವಳು ಅಷ್ಟು ಚಂದ ಹೇಳ್ತಾ ಇದ್ದರೆ, ಪಕ್ಕದಲ್ಲಿ ನಿಂತು ನೀನ್ಯಾಕೆ ಸುಮ್ಮನೆ ಬಾಯಾಡಿಸ್ತಾ ಇದ್ದೆ?’

ಹುಡುಗಿ ಹೊಸ್ತಿಲ ಮೇಲೆಯೇ ಕುಸಿದು ಕೂತು ನಕ್ಕಳು. ನಕ್ಕು ನಕ್ಕು ಅತ್ತಳು. ಅಮ್ಮ ಅವಳನ್ನು ಎಬ್ಬಿಸಿ ಒಳಗೆ ಕರೆದೊಯ್ದು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

‘ಈಗ ನೀನು ಹೇಳು,’ ಎಂದವು ಅಮ್ಮನ ಕೈಗಳು. ‘ಬಾಯಿ ಮುಚ್ಚಿಕೊಂಡು ಹೇಳು.’